ಬ್ಯಾಂಕ್ ಪರೀಕ್ಷೆಯ ಇಂಗ್ಲೀಷು ಮತ್ತು ನಮ್ಮೂರಿನ ಮಕ್ಕಳು

(ಸಂಘದ ರಜತ ಮಹೋತ್ಸವದ ಅಂಗವಾಗಿ, ಊರಿನಿಂದ ಬಂದು ಬೆಂಗಳೂರಿನಲ್ಲಿ ಓದುತ್ತಿರುವ ಪದವೀಧರ ಯುವಕ ಯುವತಿಯರಿಗಾಗಿ ಎನ್.ಆರ್. ಕಾಲೋನಿಯಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ, ಊರಿನವರೇ ಆದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನಾನು ಭಾಷಣಕಾರನಲ್ಲ. 37 ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತು ಎದ್ದವನು. ಮೈಕಿನ ಮುಂದೆ ನಿಂತರೆ ಈಗಲೂ ಕೈ ಜೇಬಿನಲ್ಲಿ ಪೆನ್ನು ಹುಡುಕುತ್ತದೆ. ಕಾರ್ಯದರ್ಶಿಗಳು ಫೋನು ಮಾಡಿ, "ಬೆಂಗಳೂರಿನಲ್ಲಿರೋ ನಮ್ಮ ಹುಡುಗರನ್ನೆಲ್ಲ ಒಂದು ಕಡೆ ಸೇರಿಸ್ತೀವಿ, ಬ್ಯಾಂಕ್ ಪರೀಕ್ಷೆ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಇಂಗ್ಲೀಷ್ ಭಾಗ ಒಂದರ ಬಗ್ಗೆ ಮಾತ್ರ ಹೇಳ್ತೀನಿ ಎಂದು ಒಪ್ಪಿಕೊಂಡೆ. ಅದೊಂದೇ ಯಾಕೆ ಎಂಬುದಕ್ಕೆ ಕಾರಣ ಇದೆ.

ಹೋದ ವರ್ಷ ಊರಿಗೆ ಹೋಗಿದ್ದಾಗ ಸಂಘದ ಕಚೇರಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಒಬ್ಬ ತಾಯಿ ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಸರ ಮೇಜಿನ ಮೇಲಿಟ್ಟರು. ಮಗನ ಕೋಚಿಂಗ್ ಫೀಸಿಗೆ ಅಡವು. "ಮೂರನೇ ಸಲ ಕಣಣ್ಣಾ, ಲೆಕ್ಕದಲ್ಲಿ ಪಾಸಂತೆ, ಇನ್ನೊಂದರಲ್ಲೂ ಪಾಸಂತೆ, ಇಂಗ್ಲೀಷ್‌ನಲ್ಲಿ ಮಾತ್ರ ಎರಡು ನಂಬರು ಕಮ್ಮಿಯಂತೆ" ಅಂದರು. ಆ ಹುಡುಗ ಈ ಸಭೆಯಲ್ಲೇ ಕೂತಿದ್ದಾನೆ, ಹೆಸರು ಹೇಳುವುದಿಲ್ಲ, ಅವನು ತಲೆ ತಗ್ಗಿಸುವ ಅಗತ್ಯವೂ ಇಲ್ಲ. ಯಾಕೆಂದರೆ 1983ರಲ್ಲಿ ಅದೇ ಕಾರಣಕ್ಕೆ ಫೇಲಾದ ಇನ್ನೊಬ್ಬ ನಿಮ್ಮ ಎದುರು ಮೈಕು ಹಿಡಿದು ನಿಂತಿದ್ದಾನೆ.

1982ರಲ್ಲಿ ಪದವಿ ಮುಗಿಸಿಕೊಂಡು ಬಂದು, ಇಲ್ಲಿಂದ ಎರಡು ರಸ್ತೆ ಆಚೆ ಒಂದು ವಠಾರದ ಮಹಡಿ ಕೋಣೆಯಲ್ಲಿ ಮೂರು ಜನ ಸೇರಿಕೊಂಡೆವು. ಆಗ ಎನ್.ಆರ್. ಕಾಲೋನಿಯ ವಠಾರಗಳಲ್ಲಿ ನಮ್ಮಂಥ ಹುಡುಗರು ತುಂಬಿದ್ದರು. ಒಬ್ಬ ಏ.ಜಿ. ಆಫೀಸಿಗೆ ಓದೋನು, ಒಬ್ಬ ಎಲ್.ಐ.ಸಿ.ಗೆ, ಮಿಕ್ಕವರೆಲ್ಲ ಬ್ಯಾಂಕಿಗೆ. ಆಗ ಪರೀಕ್ಷೆ ನಡೆಸುತ್ತಿದ್ದದ್ದು ಬ್ಯಾಂಕಿಂಗ್ ಸರ್ವಿಸ್ ರಿಕ್ರೂಟ್‌ಮೆಂಟ್ ಬೋರ್ಡ್. ಆ ಬೋರ್ಡುಗಳು 2001ರಲ್ಲಿ ಮುಚ್ಚಿದವು. ಈಗ ನೀವು ಬಾಯಿಪಾಠ ಮಾಡಿಕೊಂಡಿರುವ ಐ.ಬಿ.ಪಿ.ಎಸ್. ಎಂಬ ಸಂಸ್ಥೆ 1975ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, 1984ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. 2011ರಿಂದ ಸರ್ಕಾರಿ ಬ್ಯಾಂಕುಗಳಿಗೆಲ್ಲ ಒಟ್ಟಿಗೆ ಪರೀಕ್ಷೆ ನಡೆಸುತ್ತಿದೆ. ಸ್ಟೇಟ್ ಬ್ಯಾಂಕಿನದು ಮಾತ್ರ ಬೇರೆ.

ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕವನ್ನು ಅವೆನ್ಯೂ ರಸ್ತೆಯಲ್ಲಿ ಹಳೇದು ಕೊಂಡು ತಂದು ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಉರು ಹೊಡೆದಿದ್ದೆ. ನಾಮಪದ ಎಷ್ಟು ವಿಧ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಒಂದು ದೊಡ್ಡ ಗದ್ಯಭಾಗ ಕೊಟ್ಟಿದ್ದರು. ನಾನು ಒಂದೊಂದೇ ವಾಕ್ಯ ಓದಿ, ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ಸರಿಯಾಗಿದೆಯೇ ಎಂದು ನೋಡಿ, ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದೆ. ಗದ್ಯಭಾಗ ಮುಗಿಯೋ ಹೊತ್ತಿಗೆ ಪಕ್ಕದವನು ಪೆನ್ಸಿಲ್ ಕೆಳಗಿಟ್ಟು ಕಿಟಕಿ ನೋಡುತ್ತಿದ್ದ. ನನ್ನ ವ್ಯಾಕರಣ ಸೋಲಲಿಲ್ಲ, ನನ್ನ ಗಡಿಯಾರ ಸೋತಿತು. ಇವತ್ತು ನಿಮಗೆ ಹೇಳಬೇಕೆಂದು ಬಂದಿರುವ ಮಾತು ಇದೇ. ಬ್ಯಾಂಕಿನ ಇಂಗ್ಲೀಷ್ ಪರೀಕ್ಷೆ ನಿಮ್ಮ ಇಂಗ್ಲೀಷಿನ ಅಂದಚೆಂದ ನೋಡೋ ಪರೀಕ್ಷೆ ಅಲ್ಲ. ನೀವು ಕಾನ್ವೆಂಟಿನವರ ಹಾಗೆ ಮಾತಾಡ್ತೀರಾ ಅಂತ ಕೇಳೋದೂ ಅಲ್ಲ. ಸಾಮಾನ್ಯವಾದ ಇಂಗ್ಲೀಷ್ ಬರಹವನ್ನು, ಕನ್ನಡಕ್ಕೆ ತಿರುಗಿಸದೆ, ಬೇಗ ಓದಿ ಅರ್ಥ ಮಾಡಿಕೊಳ್ತೀರಾ ಎಂದು ಕೇಳುವ ಪರೀಕ್ಷೆ. ನಮ್ಮ ಮಕ್ಕಳು ತಯಾರಾಗುವುದು ಬೇರೆಯದಕ್ಕೆ, ಬರೆಯುವುದು ಬೇರೆಯದನ್ನು.

ಲೆಕ್ಕ ಹಾಕಿ ನೋಡಿ. ಪ್ರೊಬೇಷನರಿ ಆಫೀಸರ್ ಹುದ್ದೆಯ ಐ.ಬಿ.ಪಿ.ಎಸ್. ಪ್ರಿಲಿಮ್ಸ್‌ನಲ್ಲಿ ಇಂಗ್ಲೀಷಿಗೆ 30 ಪ್ರಶ್ನೆ, 30 ಅಂಕ, 20 ನಿಮಿಷ. ಒಂದು ಪ್ರಶ್ನೆಗೆ 40 ಸೆಕೆಂಡು ಬಂತು. ಅದರಲ್ಲೇ ಗದ್ಯಭಾಗ ಓದೋ ಸಮಯವೂ ಸೇರಿದೆ. 20 ನಿಮಿಷ ಆದ ತಕ್ಷಣ ಕಂಪ್ಯೂಟರು ತಾನೇ ಆ ಭಾಗ ಮುಚ್ಚಿ ಮುಂದಿನದಕ್ಕೆ ಕರೆದುಕೊಂಡು ಹೋಗುತ್ತೆ. ಲೆಕ್ಕದಲ್ಲಿ ಉಳಿಸಿದ ಸಮಯವನ್ನು ಇಂಗ್ಲೀಷಿಗೆ ತರೋ ಹಾಗಿಲ್ಲ. ಮೂರು ಭಾಗದಲ್ಲೂ ಬೇರೆ ಬೇರೆ ಕಟ್ ಆಫ್ ದಾಟಬೇಕು. ಲೆಕ್ಕದಲ್ಲಿ ನೀವು ರಾಮಾನುಜನ್ ಆದರೂ ಇಂಗ್ಲೀಷಿನಲ್ಲಿ ಒಂದು ಅಂಕ ಕಡಿಮೆಯಾದರೆ ಮನೆಗೇ. ದಾಟಿದರೆ ಮುಂದೆ ಮೇನ್ಸ್‌ನಲ್ಲಿ ಇಂಗ್ಲೀಷು 35 ಪ್ರಶ್ನೆ, 40 ಅಂಕ, 40 ನಿಮಿಷ. ಅದರ ಮೇಲೆ ಪ್ರಬಂಧದಂಥ ಬರವಣಿಗೆಗೆ 25 ಅಂಕ, 30 ನಿಮಿಷ. ಅದನ್ನು ಕೈಯಲ್ಲಿ ಬರೆಯುವಂತಿಲ್ಲ, ಕಂಪ್ಯೂಟರಿನ ಕೀಲಿಮಣೆಯಲ್ಲಿ ಟೈಪು ಮಾಡಬೇಕು.

"ಈಗ ಕನ್ನಡದಲ್ಲೇ ಪರೀಕ್ಷೆ ಬರೀಬಹುದಂತಲ್ಲ, ಸಾರ್?" ಎಂದು ಊರಿನಲ್ಲಿ ಬಹಳ ಜನ ಕೇಳುತ್ತಾರೆ. ಅರ್ಧ ನಿಜ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ 2019ರಲ್ಲಿ, ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗೆ 2021ರಲ್ಲಿ ಕೇಂದ್ರ ಸರ್ಕಾರ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಿಗೆ ಬಾಗಿಲು ತೆರೆಯಿತು. ಅದಕ್ಕಾಗಿ ಬಹಳ ಜನ ಹೋರಾಡಿದರು, ಅವರಿಗೆ ನಮ್ಮ ನಮಸ್ಕಾರ ಸಲ್ಲಬೇಕು. ಆದರೆ ಕನ್ನಡದಲ್ಲಿ ಬರೋದು ಲೆಕ್ಕ, ರೀಸನಿಂಗ್ ಇಂಥ ಭಾಗಗಳು. ಕ್ಲರ್ಕ್ ಪರೀಕ್ಷೆಯಲ್ಲಿ ಇಂಗ್ಲೀಷ್ ಭಾಗ ಇಂಗ್ಲೀಷೇ, ಅಲ್ಲೂ 30 ಪ್ರಶ್ನೆ 20 ನಿಮಿಷವೇ. ಗ್ರಾಮೀಣ ಬ್ಯಾಂಕಿನ ಪ್ರಿಲಿಮ್ಸ್‌ನಲ್ಲಿ ಮಾತ್ರ ಇಂಗ್ಲೀಷ್ ಇಲ್ಲ. ಮೇನ್ಸ್‌ನಲ್ಲಿ ಇಂಗ್ಲೀಷ್ ಅಥವಾ ಹಿಂದಿ ಆರಿಸಿಕೊಳ್ಳಿ ಎನ್ನುತ್ತಾರೆ. ಹಿಂದಿ ಮನೆಮಾತಿನವನಿಗೆ ಅದು ಆಯ್ಕೆ. ತಿಪಟೂರು ಕಡೆಯ ಹುಡುಗನಿಗೆ ಎರಡೂ ಊರಾಚೆಯ ಭಾಷೆಗಳೇ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅದು ಸರಿಯಾಗೋವರೆಗೆ ನಿಮ್ಮ ವಯಸ್ಸು ಕಾಯೋದಿಲ್ಲ. ಪಿ.ಒ.ಗೆ ಸಾಮಾನ್ಯ ವರ್ಗದವರಿಗೆ 30, ಕ್ಲರ್ಕಿಗೆ 28, ಅಲ್ಲಿಗೆ ಮುಗೀತು.

ಹಾಗಾದರೆ ಏನು ಮಾಡೋದು? ಮೊದಲು ನನಗೆ ಏನಾಯಿತು ಅನ್ನೋದು ಹೇಳ್ತೀನಿ.

ಫೇಲಾದ ಸುದ್ದಿ ಬಂದ ದಿನ ವಠಾರದ ಮನೆಯೊಡೆಯರು ಕರೆದರು. ಏ.ಜಿ. ಆಫೀಸಿನಿಂದ ನಿವೃತ್ತರು, ಬೆಳಿಗ್ಗೆ ಕಾಫಿಗಿಂತ ಮೊದಲು ಡೆಕ್ಕನ್ ಹೆರಾಲ್ಡ್ ಬೇಕು ಅವರಿಗೆ. ಪೇಪರು ಕೈಗೆ ಕೊಟ್ಟು, "ಸಂಪಾದಕೀಯ ಗಟ್ಟಿಯಾಗಿ ಓದು" ಅಂದರು. ಓದಿದೆ. ಒಂದು ಉದ್ದದ ವಾಕ್ಯದಲ್ಲಿ ನಿಲ್ಲಿಸಿ, "ವರ್ಬ್ ಎಲ್ಲಯ್ಯಾ?" ಅಂದರು. ತಡಕಾಡಿದೆ. "ನೀನು ವಾಕ್ಯದ ಕೊನೆಗೆ ಹೋಗಿ ಹುಡುಕ್ತಾ ಇದ್ದೀಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಬಾಗಿಲು ಹಾಕುತ್ತೆ. ಇಂಗ್ಲೀಷ್‌ನಲ್ಲಿ ಅದು ಹೊಸಲಲ್ಲೇ ಇರುತ್ತೆ. ಮೊದಲು ಕರ್ತೃ, ತಕ್ಷಣ ವರ್ಬು. ಅದೆರಡು ಸಿಕ್ಕಿದರೆ ಮಿಕ್ಕಿದ್ದೆಲ್ಲ ಸಾಮಾನು" ಅಂದರು. ನೋಡಿ, ನಾಲ್ಕು ನೂರು ಪುಟದ ವ್ಯಾಕರಣ ಹೇಳದೇ ಇದ್ದದ್ದನ್ನು ಆ ಮನುಷ್ಯ ಜಗಲಿ ಮೇಲೆ ಎರಡು ನಿಮಿಷದಲ್ಲಿ ಹೇಳಿದರು. ಆಮೇಲೆ ಎಂಟು ತಿಂಗಳು ದಿನಾ ಬೆಳಿಗ್ಗೆ ಅವರ ಮುಂದೆ ಓದಿದೆ. ನಾಲ್ಕನೇ ತಿಂಗಳಿನ ಹೊತ್ತಿಗೆ ಒಂದು ದಿನ ಗಮನಕ್ಕೆ ಬಂತು, ನಾನು ಇಡೀ ಸಂಪಾದಕೀಯ ಓದಿ ಮುಗಿಸಿದ್ದೇನೆ, ಕನ್ನಡಕ್ಕೆ ತಿರುಗಿಸೋದು ಮರೆತೇ ಹೋಗಿದೆ! 1984ರಲ್ಲಿ ಪಾಸಾದೆ.

ಬೆಳಿಗ್ಗೆ ಅವರ ಜಗಲಿ, ಸಂಜೆ ವಾಚನಾಲಯ. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಲ್ಲಿ ಶುರುವಾದದ್ದು. ಅದೇ ವರ್ಷ ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಲ್ಲೇ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಮಳೆ ಬಂದರೆ ಹತ್ತಿರದ್ದು, ಇಲ್ಲದಿದ್ದರೆ ದೂರದ್ದು ಅಂತ ನಮ್ಮ ಲೆಕ್ಕ. ಡಿ.ವಿ.ಜಿ. ಅವರ ವಿಷಯ ನಿಮಗೆ ಒಂದು ಹೇಳಬೇಕು. ಕಗ್ಗದ ಕವಿ ಅಂತ ಎಲ್ಲರಿಗೂ ಗೊತ್ತು. ಮುಳಬಾಗಿಲಿನಿಂದ ಬಂದ ಆ ಮನುಷ್ಯ ಮೆಟ್ರಿಕ್ಯುಲೇಷನ್ ದಾಟಿದವರಲ್ಲ. ಆದರೂ 'ಕರ್ನಾಟಕ' ಎಂಬ ಇಂಗ್ಲೀಷ್ ಪತ್ರಿಕೆಗೆ ಸಂಪಾದಕರಾಗಿದ್ದರು. ಓದಿ ಓದಿ ಬಂದ ಇಂಗ್ಲೀಷು ಅದು. ನಮ್ಮ ಹುಡುಗರು ಈ ರಸ್ತೆಯಲ್ಲೇ ಪಿ.ಜಿ. ಮಾಡಿಕೊಂಡು, ಆ ಕಟ್ಟಡದ ಮುಂದೆಯೇ ದಿನಾ ನಡೆದು, ಕೋಚಿಂಗ್ ಕ್ಲಾಸಿಗೆ ಸಾವಿರಗಟ್ಟಲೆ ಕಟ್ಟಿ ಬರ್ತಾರೆ. ಒಳಗೆ ಹೋದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ಅಂತ ಕೇಳೋದಿಲ್ಲ, ಬಿಡಿ.

ಕೋಚಿಂಗ್ ಬೇಡ ಅಂತ ನಾನು ಹೇಳ್ತಾ ಇಲ್ಲ. ಲೆಕ್ಕಕ್ಕೆ, ರೀಸನಿಂಗಿಗೆ ಅಲ್ಲಿ ಒಳ್ಳೆಯ ಉಪಾಯಗಳನ್ನು ಹೇಳಿಕೊಡುತ್ತಾರೆ. ಓದುವ ವೇಗ ಮಾತ್ರ ಯಾರೂ ಮಾರಲಾರದ ವಸ್ತು. ಅದು ಹಸುವಿನ ಹಾಲಿನಂತೆ, ದಿನಾ ಕರೆದರೆ ಮಾತ್ರ ಬರುತ್ತೆ. ಭಾನುವಾರ ಒಂದೇ ದಿನ ಏಳು ದಿನದ್ದು ಕರೆಯೋಕಾಗಲ್ಲ.

ಇನ್ನು ತಪ್ಪು ಹುಡುಕುವ ಪ್ರಶ್ನೆಗಳ ವಿಷಯ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳ್ತೀನಿ, ಯಾಕೆಂದರೆ ಇಲ್ಲಿ ನಮಗೆ ಅನುಕೂಲ ಇದೆ, ಅದು ನಮಗೇ ಗೊತ್ತಿಲ್ಲ. ಕನ್ನಡಿಗರು ಮಾಡುವ ಇಂಗ್ಲೀಷ್ ತಪ್ಪುಗಳು ಲೆಕ್ಕವಿಲ್ಲದಷ್ಟು ಅಲ್ಲ, ಒಂದು ನಲವತ್ತು ಐವತ್ತು ಇರಬಹುದು. ಅವುಗಳಲ್ಲಿ ಬಹಳಷ್ಟು ಕನ್ನಡದಿಂದಲೇ ಹುಟ್ಟಿದವು. ಹುಟ್ಟಿದ ಮನೆ ಗೊತ್ತಾದರೆ ಹಿಡಿಯೋದು ಸುಲಭ.

ನಾವು "ಐದು ವರ್ಷದಿಂದ ಇಲ್ಲಿದ್ದೀನಿ" ಅಂತೀವಿ, "2020ರಿಂದ ಇಲ್ಲಿದ್ದೀನಿ" ಅಂತಲೂ ಅಂತೀವಿ. ಎರಡಕ್ಕೂ ಒಂದೇ 'ಇಂದ'. ಇಂಗ್ಲೀಷಿನವನು ಇದನ್ನು ಎರಡು ಪಾಲು ಮಾಡಿದ್ದಾನೆ. ಇಷ್ಟು ಕಾಲ ಅನ್ನೋದಕ್ಕೆ 'ಫಾರ್', ಇಂಥಾ ದಿನದಿಂದ ಅನ್ನೋದಕ್ಕೆ 'ಸಿನ್ಸ್'. ನಾವು 'ಸಿನ್ಸ್ ಫೈವ್ ಇಯರ್ಸ್' ಅಂತ ಬರೆದು ಕೂರ್ತೀವಿ. "ಸಾಲದ ಬಗ್ಗೆ ಚರ್ಚಿಸಿದರು" ಅನ್ನೋದು ನಮ್ಮ ನಡವಳಿ ಪುಸ್ತಕದ ವಾಕ್ಯ. ಆ 'ಬಗ್ಗೆ'ಯನ್ನು ಹೊತ್ತುಕೊಂಡು ಹೋಗಿ 'ಡಿಸ್ಕಸ್ಡ್ ಅಬೌಟ್ ದ ಲೋನ್' ಅಂತೀವಿ. ಇಂಗ್ಲೀಷ್‌ನಲ್ಲಿ 'ಡಿಸ್ಕಸ್ಡ್ ದ ಲೋನ್', ಅಷ್ಟೇ, 'ಅಬೌಟ್' ಬೇಡ. "ನನಗಿಂತ ಸೀನಿಯರ್" ಅಂತೀವಿ, 'ಗಿಂತ' ಅಂದರೆ 'ದ್ಯಾನ್' ಅಂತ ಐದನೇ ಕ್ಲಾಸಿನಲ್ಲಿ ಕಲಿತಿದ್ದೇವೆ, ಆದ್ದರಿಂದ 'ಸೀನಿಯರ್ ದ್ಯಾನ್ ಮಿ'. ಅಲ್ಲ, 'ಸೀನಿಯರ್ ಟು ಮಿ'. "ಲೆಕ್ಕದಲ್ಲಿ ಜಾಣ" ಅನ್ನೋದು 'ಗುಡ್ ಇನ್ ಮ್ಯಾಥ್ಸ್' ಆಗುತ್ತೆ, ಆಗಬೇಕಾದ್ದು 'ಗುಡ್ ಅಟ್'. "ಐದು ತೆಂಗಿನಮರ, ಹತ್ತು ಎಕರೆ" ಅಂತ ಹೇಳೋ ನಾವು ಮರಗಳು, ಎಕರೆಗಳು ಅನ್ನೋದಿಲ್ಲ. ಸಂಖ್ಯೆ ಹೇಳಿದ ಮೇಲೆ ಬಹುವಚನ ಯಾಕೆ ಅನ್ನೋದು ನಮ್ಮ ಭಾಷೆಯ ಮಿತವ್ಯಯ. ಇಂಗ್ಲೀಷಿಗೆ ಆ ಮಿತವ್ಯಯ ಇಲ್ಲ, ಅಲ್ಲಿ ಬಾಲ ಇರಲೇಬೇಕು. ಇನ್ನು 'ಎ', 'ಆನ್', 'ದ' ಎಂಬ ಮೂರು ಪುಟ್ಟ ಪದಗಳು ಕನ್ನಡದಲ್ಲಿ ಇಲ್ಲವೇ ಇಲ್ಲ. ಅವಕ್ಕೆ ನಿಯಮ ಓದಿ ಕಲಿತವರನ್ನು ನಾನು ಕಂಡಿಲ್ಲ. ಗಟ್ಟಿಯಾಗಿ ಓದಿ ಕಿವಿಗೆ ಹತ್ತಿಸಿಕೊಂಡವರನ್ನು ಮಾತ್ರ ಕಂಡಿದ್ದೇನೆ.

ಪರೀಕ್ಷೆ ಮಾಡುವವರಿಗೆ ಬಹಳ ಪ್ರಿಯವಾದ ಇನ್ನೊಂದು ಬಲೆ ಇದೆ. ಸಂಘದ ಉದಾಹರಣೆಯನ್ನೇ ಕೊಡ್ತೀನಿ. 'ದ ಲಿಸ್ಟ್ ಆಫ್ ದ ಮೆಂಬರ್ಸ್ ಹೂ ಹ್ಯಾವ್ ರೀಪೇಯ್ಡ್ ದೇರ್ ಲೋನ್ಸ್ ಆರ್ ಆನ್ ದ ನೋಟಿಸ್ ಬೋರ್ಡ್.' ಕಿವಿಗೆ ಸರಿ ಅನಿಸುತ್ತೆ. ಯಾಕೆಂದರೆ 'ಲೋನ್ಸ್' ಪಕ್ಕದಲ್ಲೇ 'ಆರ್' ಕೂತಿದೆ. ನಮ್ಮ ಮನೆಯೊಡೆಯರ ಪ್ರಶ್ನೆ ಕೇಳಿ. ಕರ್ತೃ ಯಾರು? ಬೋರ್ಡಿನ ಮೇಲೆ ಇರೋದು ಸಾಲವೂ ಅಲ್ಲ, ಸದಸ್ಯರೂ ಅಲ್ಲ, ಪಟ್ಟಿ. ಪಟ್ಟಿ ಒಂದೇ. ಆದ್ದರಿಂದ 'ಈಸ್'. ಕನ್ನಡದಲ್ಲಿ ಇದೇ ವಾಕ್ಯ "ಸಾಲ ತೀರಿಸಿದ ಸದಸ್ಯರ ಪಟ್ಟಿ ಬೋರ್ಡಿನಲ್ಲಿದೆ" ಅಂತ ಆಗುತ್ತೆ, ಪಟ್ಟಿಯೂ ಕ್ರಿಯಾಪದವೂ ಒಂದೇ ಕಡೆ ಬಂದು ಸೇರುತ್ತವೆ, ತಪ್ಪೋಕೆ ಜಾಗವೇ ಇಲ್ಲ. ಇಂಗ್ಲೀಷಿನಲ್ಲಿ ಗಂಡ ಹೆಂಡತಿಯನ್ನು ದೂರ ದೂರ ಕೂರಿಸಿ ನಡುವೆ ನೆಂಟರನ್ನು ತುಂಬಿಬಿಡ್ತಾರೆ. ಯಾರು ಯಾರ ಜೋಡಿ ಅಂತ ಹುಡುಕೋದೇ ಪರೀಕ್ಷೆ.

ಒಂದು ನೋಟ್‌ಬುಕ್ ಮಾಡಿ. ಎಡಗಡೆ ಪುಟದಲ್ಲಿ ಕನ್ನಡ ವಾಕ್ಯ, ಬಲಗಡೆ ಸರಿಯಾದ ಇಂಗ್ಲೀಷು. ನೀವು ಮಾಡಿದ ತಪ್ಪು ಮಾತ್ರ ಅದರಲ್ಲಿ ಇರಬೇಕು, ಪುಸ್ತಕದ್ದಲ್ಲ. ನನ್ನದು ಈಗಲೂ ಮನೆಯಲ್ಲಿದೆ, ಒಟ್ಟು 63 ವಾಕ್ಯ ಆಗಿತ್ತು ಅಷ್ಟೇ.

ಚೆಲ್ಲಾಪಿಲ್ಲಿಯಾದ ವಾಕ್ಯಗಳನ್ನು ಜೋಡಿಸೋ ಪ್ರಶ್ನೆ ಕಂಡರೆ ನಮ್ಮವರು ಹೆದರ್ತಾರೆ. ಹೆದರೋಕೆ ಏನೂ ಇಲ್ಲ. ಸಂಘದ ನಡವಳಿ ಪುಸ್ತಕದ ಹಾಳೆಗಳು ಗಾಳಿಗೆ ಹಾರಿಹೋದವು ಅಂದುಕೊಳ್ಳಿ, ಹೇಗೆ ಜೋಡಿಸ್ತೀರಿ? ಒಬ್ಬ ಸದಸ್ಯರ ಪೂರ್ತಿ ಹೆಸರು ಇರೋ ಹಾಳೆ ಮೊದಲು, "ಸದರಿಯವರು" ಅಂತ ಇರೋ ಹಾಳೆ ಆಮೇಲೆ. 'ಸದರಿ' ಎಂದೂ ಮೊದಲ ಹಾಳೆ ಆಗಲಾರದು. ಇಂಗ್ಲೀಷಿನ 'ಹೀ', 'ದಿಸ್', 'ಸಚ್' ಎಲ್ಲ 'ಸದರಿ'ಗಳೇ. 'ಹೌಎವರ್' ಅಂತ ಶುರುವಾದರೆ ಅದಕ್ಕೆ ಮುಂಚೆ ಇನ್ನೊಂದು ಮಾತು ಆಗಿರಲೇಬೇಕು. ಹೀಗೆ ಎರಡು ಜೋಡಿ ಸಿಕ್ಕಿದರೆ ಐದಾರು ವಾಕ್ಯದ ಜಗಳ ಮುಗೀತು. ಬಿಟ್ಟ ಸ್ಥಳ ತುಂಬುವ ಗದ್ಯ, ಅದನ್ನು ಕ್ಲೋಜ್ ಟೆಸ್ಟ್ ಅಂತಾರೆ, ಅದರಲ್ಲಿ ಮೊದಲ ಖಾಲಿ ಜಾಗಕ್ಕೇ ಪೆನ್ನು ಇಡಬೇಡಿ. ಒಮ್ಮೆ ಕೊನೆವರೆಗೆ ಓದಿ. ಮಳೆನೀರು ಬಿದ್ದ ರಸೀತಿ ಓದೋ ಹಾಗೆ, ಅಳಿಸಿಹೋದದ್ದು ಉಳಿದಿರೋದರಿಂದಲೇ ಗೊತ್ತಾಗುತ್ತೆ.

ಗದ್ಯಭಾಗದ ಪ್ರಶ್ನೆಗಳಲ್ಲಿ ನಮ್ಮ ಜಾಣ ಮಕ್ಕಳು ಒಂದು ವಿಚಿತ್ರ ತಪ್ಪು ಮಾಡ್ತಾರೆ. ಭಾನುವಾರ ನಮ್ಮ ಮನೆಗೆ ಬರುತ್ತಿದ್ದ ಊರಿನ ಮೇಲಿನ ಬೀದಿಯ ಹುಡುಗಿಗೆ ಒಮ್ಮೆ ಬೆಳೆಸಾಲದ ಬಗ್ಗೆ ಒಂದು ಇಂಗ್ಲೀಷ್ ಲೇಖನ ಕೊಟ್ಟು ಪ್ರಶ್ನೆ ಕೇಳಿದೆ. ಐದರಲ್ಲಿ ಮೂರು ತಪ್ಪು. ಯಾಕಮ್ಮ ಅಂದರೆ, "ಸಾರ್, ಈ ಲೇಖನ ಬರೆದವರಿಗೆ ಏನೂ ಗೊತ್ತಿಲ್ಲ, ನಮ್ಮಪ್ಪ ಸಾಲ ತಗೊಳ್ಳುವಾಗ ಹೀಗಾಗಿರಲಿಲ್ಲ" ಅಂದಳು. ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಆದರೂ ಅಂಕ ಹೋಯಿತು. ಪ್ರಶ್ನೆ ಕೇಳೋದು ಗದ್ಯದಲ್ಲಿ ಏನಿದೆ ಅಂತ, ಲೋಕದಲ್ಲಿ ಏನಿದೆ ಅಂತ ಅಲ್ಲ. ಸಂಘದ ಸಭೆಯಲ್ಲಿ ಬೈಲಾ ತೆಗೆದು ಓದಿದಾಗ ಹೇಗೋ ಹಾಗೆ, ಬರೆದದ್ದು ಮಾತ್ರ ಲೆಕ್ಕ. ಆ ಹುಡುಗಿ ಎರಡು ಸಲ ಇಂಗ್ಲೀಷ್ ಕಟ್ ಆಫ್‌ನಲ್ಲಿ ಬಿದ್ದವಳು, ಮೂರನೇ ಸಲ ದಾಟಿದಳು. ಈಗ ನಮ್ಮ ರಾಜ್ಯದಲ್ಲೇ ಒಂದು ಶಾಖೆಯಲ್ಲಿ ಕೌಂಟರಿನಲ್ಲಿದ್ದಾಳೆ. ಅವಳಪ್ಪ ಇವತ್ತು ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ.

ಊಹೆ ಮಾಡಿ ಉತ್ತರ ಗುರುತಿಸೋದರ ಬಗ್ಗೆ ಎಲ್ಲರೂ ಕೇಳ್ತೀರಿ. ಇದು ಬ್ಯಾಂಕಿನವನಿಗೆ ಇಷ್ಟವಾದ ಲೆಕ್ಕ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೀತಾರೆ. ಐದು ಆಯ್ಕೆ ಇರುವ ಐದು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಒಂದು ಬಂತು, ನಾಲ್ಕು ಕಾಲು ಅಂದರೆ ಒಂದು ಹೋಯಿತು. ಲಾಭ ಸೊನ್ನೆ, ಸಮಯ ನಷ್ಟ. ಆದರೆ ಓದಿ, ಎರಡು ಆಯ್ಕೆ ಖಂಡಿತ ಅಲ್ಲ ಅಂತ ತೆಗೆದುಹಾಕಿದರೆ ಮೂರು ಉಳಿಯಿತು. ಅಂಥ ಆರು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಎರಡು ಸರಿ, ನಾಲ್ಕು ತಪ್ಪು. ಎರಡು ಬಂತು, ಒಂದು ಹೋಯಿತು, ಒಂದು ಕೈಯಲ್ಲಿ ಉಳಿಯಿತು. ಕುರುಡು ಊಹೆ ಜೂಜು, ಅರ್ಧ ತಿಳಿದು ಮಾಡುವ ಊಹೆ ವ್ಯಾಪಾರ. ಎರಡು ನಂಬರಿಗೆ ಬಿದ್ದವನಿಗೆ ಇದರ ಬೆಲೆ ಗೊತ್ತು.

ಪದಗಳ ಪಟ್ಟಿ ಉರು ಹೊಡೆಯೋದನ್ನು ಮಾತ್ರ ಬಿಟ್ಟುಬಿಡಿ. 'ಎ' ಅಕ್ಷರದಿಂದ ಶುರು ಮಾಡಿದ ಯಾರೂ 'ಡಿ' ದಾಟಿದ್ದನ್ನು ನಾನು ನೋಡಿಲ್ಲ. ಅದಕ್ಕಿಂತ, ರಿಸರ್ವ್ ಬ್ಯಾಂಕ್ ಬಡ್ಡಿ ದರದ ಸುದ್ದಿ ಬಂದ ದಿನ ಅದನ್ನು ಕನ್ನಡ ಪತ್ರಿಕೆಯಲ್ಲಿ ಮೊದಲು ಓದಿ, ಆಮೇಲೆ ಇಂಗ್ಲೀಷ್ ಪತ್ರಿಕೆಯಲ್ಲಿ ಓದಿ. ವಿಷಯ ಗೊತ್ತಿರೋದರಿಂದ ಗೊತ್ತಿಲ್ಲದ ಪದ ತಾನೇ ಬಾಯಿ ಬಿಡುತ್ತೆ. ಸಬ್ಸಿಡಿ, ಆಡಿಟ್, ಡಿವಿಡೆಂಡ್, ಕೋರಂ, ಷೇರು, ಮಾರ್ಟ್‌ಗೇಜ್ ಇವೆಲ್ಲ ಅರಸೀಕೆರೆ ರಸ್ತೆಯ ಸಂತೆಯಲ್ಲೂ ಓಡಾಡುವ ಪದಗಳು. ಪೇಟೆಯ ಹುಡುಗರಿಗೆ ಪುಸ್ತಕದ ಪದ, ನಿಮಗೆ ಮನೆಯ ಪದ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್. 1913ರಲ್ಲಿ ನಮ್ಮ ಮೈಸೂರು ಬ್ಯಾಂಕು. ಒಂದು ರಾಜ್ಯ ಇಷ್ಟು ಬ್ಯಾಂಕು ಹೆತ್ತದ್ದು ಕಡಿಮೆ ಮಾತಲ್ಲ. ಇವುಗಳಲ್ಲಿ 2017ರಲ್ಲಿ ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಹೋದವು. ಹೆಸರು ಉಳಿದಿರೋದು ಕೆನರಾ ಒಂದೇ. ನಾನು ಸೇವೆಗೆ ಸೇರಿದಾಗ ಹಳ್ಳಿ ಶಾಖೆಯ ಮ್ಯಾನೇಜರು ರೈತನ ಜೊತೆ ಕನ್ನಡದಲ್ಲಿ ಜಗಳ ಆಡುತ್ತಿದ್ದರು. ಈಗ ಎಷ್ಟೋ ಕಡೆ ಜಗಳ ಆಡೋಕೂ ಭಾಷೆ ಇಲ್ಲ. ನಮ್ಮ ಹಿರಿಯ ಸದಸ್ಯರೊಬ್ಬರು ಪಿಂಚಣಿ ಯಾಕೆ ಬಂದಿಲ್ಲ ಅಂತ ಕೇಳೋಕೆ ಮೊಮ್ಮಗನನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋಗಿದ್ದರು. ಅಲ್ಲಿ ಕೂತಿರುವ ದೂರದ ರಾಜ್ಯದ ಹುಡುಗನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವನು ಪರೀಕ್ಷೆ ಗೆದ್ದು ಬಂದವನು, ಅವನಿಗೂ ಅಲ್ಲಿ ಊಟ ಸೇರ್ತಾ ಇರಲ್ಲ. ಪಿ.ಒ. ಆದರೆ ನಿಮ್ಮನ್ನೂ ಪಾಟ್ನಾಕ್ಕೋ ರಾಜಕೋಟಕ್ಕೋ ಹಾಕಬಹುದು, ಅದಕ್ಕೂ ಸಿದ್ಧರಾಗಿ ಹೋಗಿ. ಊರ ಹತ್ತಿರವೇ ಇರಬೇಕು ಅನ್ನುವವರು ಕ್ಲರ್ಕ್ ಪರೀಕ್ಷೆಯನ್ನೂ, ಗ್ರಾಮೀಣ ಬ್ಯಾಂಕನ್ನೂ ಕೀಳಾಗಿ ನೋಡಬೇಡಿ. 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಒಂದೇ ಗ್ರಾಮೀಣ ಬ್ಯಾಂಕು. ಕೌಂಟರಿನಲ್ಲಿ ಕನ್ನಡ ಬೇಕಾದರೆ ಕೌಂಟರಿನೊಳಗೆ ಹೋಗಬೇಕಾದವರು ನೀವು, ಆ ಬಾಗಿಲಿನ ಬೀಗ ಇಂಗ್ಲೀಷು. ಕನ್ನಡಕ್ಕಾಗಿ ಇಂಗ್ಲೀಷ್ ಓದಬೇಕಾಗಿ ಬಂದಿರೋದು ನಗುವ ವಿಷಯವೋ ಅಳುವ ವಿಷಯವೋ ನನಗೆ ತಿಳಿಯದು.

ಈಗ ನಿರ್ದೇಶಕರಲ್ಲಿ ಒಂದು ಅರಿಕೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದ್ದು ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸೋಕೆ. ನಮ್ಮ ಸಂಘಕ್ಕೆ 25 ವರ್ಷ ಆಯಿತು, ಬಡ್ಡಿಯ ಕೆಲಸ ಚೆನ್ನಾಗಿ ನಡೆದಿದೆ. ರಜತ ಮಹೋತ್ಸವಕ್ಕೆ ಕಮಾನು ಕಟ್ಟುವ ಯೋಚನೆ ಇದೆ ಅಂತ ಕೇಳಿದೆ. ಕಮಾನು ಆಗಲಿ, ಬೇಡ ಅನ್ನಲ್ಲ. ಅದರ ಜೊತೆಗೆ ಗೊಬ್ಬರದ ಗೋಡೌನಿನ ಮೇಲಿರುವ ಕೊಠಡಿಯನ್ನು ದಿನಾ ಬೆಳಿಗ್ಗೆ 6ರಿಂದ 8ರವರೆಗೆ ತೆರೆದಿಡಿ. ಒಂದು ಇಂಗ್ಲೀಷ್ ಪತ್ರಿಕೆ, ಒಂದು ಕನ್ನಡ ಪತ್ರಿಕೆ ತರಿಸಿ. ಕಚೇರಿಯ ಹಳೇ ಕಂಪ್ಯೂಟರನ್ನು ಬದಲಾಯಿಸ್ತೀರಂತಲ್ಲ, ಅದನ್ನು ಗುಜರಿಗೆ ಹಾಕದೆ ಮೇಲಕ್ಕೆ ಕಳಿಸಿ. ನಮ್ಮ ಮಕ್ಕಳು ಮೊಬೈಲಿನಲ್ಲಿ ಎರಡು ಹೆಬ್ಬೆರಳಿನಲ್ಲಿ ಟೈಪು ಮಾಡುವವರು. 30 ನಿಮಿಷದಲ್ಲಿ ಪ್ರಬಂಧ ಟೈಪು ಮಾಡಲು ಹತ್ತು ಬೆರಳೂ ಬೇಕು. ಪತ್ರಿಕೆಯ ಒಂದು ವರ್ಷದ ಹಣ ನಾನು ಇವತ್ತೇ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ, ರಸೀತಿಯನ್ನೂ ತಗೊಂಡಿದ್ದೇನೆ. ಬ್ಯಾಂಕಿನ ಅಭ್ಯಾಸ ಹೋಗಲ್ಲ ನೋಡಿ. ಎರಡನೇ ವರ್ಷದ್ದು ಸಂಘದ್ದು.

ಬೆಂಗಳೂರಿನಲ್ಲಿ ಇರುವವರಿಗೆ, ಭಾನುವಾರ ಬೆಳಿಗ್ಗೆ 7ರಿಂದ 9 ನಮ್ಮ ಮನೆಯ ಮುಂದಿನ ಕೋಣೆ ಇದೆ. ರಾಮಮಂದಿರದ ಹತ್ತಿರ ಯಾರನ್ನು ಕೇಳಿದರೂ ತೋರಿಸ್ತಾರೆ. ಫೀಸು ಇಲ್ಲ. ಆ ವಾರದ ಸಂಪಾದಕೀಯಗಳನ್ನು ಕತ್ತರಿಸಿ ತರಬೇಕು, ವರ್ಬುಗಳ ಕೆಳಗೆ ಗೆರೆ ಎಳೆದಿರಬೇಕು. ಗೆರೆ ಎಳೆಯದೆ ಬಂದವರಿಗೆ ನಮ್ಮ ಮನೆಯವರು ಕಾಫಿ ಕೊಡುತ್ತಾರೆ, ನಾನು ಪಾಠ ಹೇಳುವುದಿಲ್ಲ. ಮೂರು ಸಲ ಬರೆದವನೇ, ನೀನು ಈ ಭಾನುವಾರವೇ ಬಾ. ನಿನ್ನ ತಪ್ಪುಗಳ ನೋಟ್‌ಬುಕ್ಕಿಗೆ ಖಾಲಿ ಪುಸ್ತಕ ನಾನು ತಂದಿಟ್ಟಿರ್ತೀನಿ.